ಪಿಯಾವೆ ನಿಜಕ್ಕೂ ವೆರ್ದಿಯ ಗುಮಾಸ್ತನಾ? ಒಪೆರಾಗೆ ಪದ ಬರೆಯುವವನ ಕೆಲಸ ಏನು?

ಮೂಲೆಮನೆ
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಜ್ವರ ಬಂದು ಮಲಗಿದ್ದಾಗ ಯೂಟ್ಯೂಬಿನಲ್ಲಿ ‘ರಿಗೊಲೆಟ್ಟೊ’ ಒಪೆರಾ ಪೂರ್ತಿ ನೋಡಿದೆ. ಗೂನುಬೆನ್ನಿನ ವಿದೂಷಕ, ಅವನು ಬಚ್ಚಿಟ್ಟು ಸಾಕಿದ ಮಗಳು, ಹೆಣ್ಣುಬಾಕ ದೊರೆ. ದೊರೆಯ ಹೆಣ ಇದೆ ಅಂದುಕೊಂಡ ಚೀಲದಲ್ಲಿ ಕೊನೆಗೆ ಮಗಳೇ ಸಿಗುತ್ತಾಳೆ. ಕಣ್ಣಲ್ಲಿ ನೀರು ಬಂತು. ಜ್ವರದ ನೀರೋ ಏನೋ.

ಆದರೆ ಸಬ್‌ಟೈಟಲ್ ಓದುತ್ತಾ ಒಂದು ಅನುಮಾನ ಹುಟ್ಟಿತು. ಸಂಗೀತ ತೆಗೆದರೆ ಮಾತು ತೀರಾ ಸಾಧಾರಣ. ಕೊನೆಯ ಸಾಲು ‘ಅಯ್ಯೋ, ಆ ಶಾಪ!’ ಅಷ್ಟೇ. ಇದನ್ನು ಬರೆದವನು ಯಾರು ಅಂತ ಹುಡುಕಿದೆ. ಫ್ರಾಂಚೆಸ್ಕೊ ಮರಿಯಾ ಪಿಯಾವೆ. 1810ರಲ್ಲಿ ವೆನಿಸ್ ಪಕ್ಕದ ಮುರಾನೊ ದ್ವೀಪದಲ್ಲಿ ಹುಟ್ಟಿದವನು. ಇಟಲಿಯ ಸಂಗೀತಗಾರ ವೆರ್ದಿಗೆ ‘ಎರ್ನಾನಿ’ಯಿಂದ ‘ಲಾ ಫೋರ್ತ್ಸಾ ದೆಲ್ ದೆಸ್ತೀನೊ’ವರೆಗೆ ಹತ್ತು ಒಪೆರಾ ಬರೆದುಕೊಟ್ಟಿದ್ದಾನೆ. ಆದರೂ ಎಲ್ಲಿ ಓದಿದರೂ ಅವನ ಬಗ್ಗೆ ಒಂದೇ ಮಾತು. ಒಳ್ಳೆಯವನು, ಹೇಳಿದ್ದಕ್ಕೆಲ್ಲ ಹೂಂ ಅನ್ನುವವನು, ಕವಿ ಅಂತ ಏನೂ ಅಲ್ಲ.

ನನ್ನ ಪ್ರಶ್ನೆ ಇಷ್ಟೇ. ಕಥೆ ಬೇರೆಯವರದು, ಸಂಗೀತ ವೆರ್ದಿಯದು, ಹಾಡುವವರು ಬೇರೆ. ಹಾಗಾದರೆ ಈತ ಮಾಡಿದ್ದೇನು?

ರಾತ್ರಿಪಾಳಿ
ಗುಮಾಸ್ತ ಅಲ್ಲ ಬಿಡಿ. ಗುಮಾಸ್ತನನ್ನು ಯಾರೂ ಪ್ರತಿ ವಾರ ಕಾಗದ ಬರೆದು ಬಯ್ಯುವುದಿಲ್ಲ.

ಮಿಲಾನೋ ಮಳೆ
ಕೆಲಸದ ಮೇಲೆ ಮಿಲಾನ್‌ಗೆ ಬಂದು ಆರು ವರ್ಷ ಆಯಿತು. ಇಲ್ಲಿನ ಸಹೋದ್ಯೋಗಿಗಳ ಜೊತೆ ಈ ಜಗಳ ಹಲವು ಸಲ ಆಡಿದ್ದೇನೆ. ಅವರೂ ನೀವು ಹೇಳಿದ್ದನ್ನೇ ಹೇಳುತ್ತಾರೆ.

ವೆರ್ದಿ ಪಿಯಾವೆಯನ್ನು ಗೋಳು ಹೊಯ್ದುಕೊಂಡಿದ್ದು ನಿಜ. ‘ಮ್ಯಾಕ್‌ಬೆತ್’ ತಗೊಳ್ಳಿ. ಷೇಕ್ಸ್‌ಪಿಯರನ ನಾಟಕವನ್ನು ಯಾವ ದೃಶ್ಯ ಎಲ್ಲಿ, ಯಾರು ಏನು ಹೇಳಬೇಕು ಅಂತ ವೆರ್ದಿಯೇ ಗದ್ಯದಲ್ಲಿ ಬರೆದು ಕಳಿಸಿದ. ಅದನ್ನು ಪದ್ಯ ಮಾಡುವುದಷ್ಟೇ ಪಿಯಾವೆಯ ಪಾಲು. ಅದಕ್ಕೂ ಮತ್ತೆ ಮತ್ತೆ ಒಂದೇ ತಗಾದೆ: ಮಾತು ಕಮ್ಮಿ ಮಾಡು, ಇನ್ನೂ ಕಮ್ಮಿ ಮಾಡು. ಕೊನೆಗೆ ತನ್ನ ಗೆಳೆಯ ಮಫ್ಫೇಯಿ ಕೈಲಿ ಮಾಟಗಾತಿಯರ ಭಾಗವನ್ನೂ, ರಾಣಿ ನಿದ್ದೆಯಲ್ಲಿ ನಡೆಯುವ ಭಾಗವನ್ನೂ ತಿದ್ದಿಸಿದ. 1847ರಲ್ಲಿ ಫ್ಲಾರೆನ್ಸಿನಲ್ಲಿ ಒಪೆರಾ ಬಂದಾಗ ಅಚ್ಚಾದ ಪುಸ್ತಕದಲ್ಲಿ ಪಿಯಾವೆಯ ಹೆಸರೇ ಇರಲಿಲ್ಲ.

ಹತ್ತು ವರ್ಷ ಆದಮೇಲೆ ‘ಸಿಮೋನ್ ಬೊಕ್ಕನೇಗ್ರಾ’ದಲ್ಲೂ ಅದೇ ಕಥೆ. ವೆರ್ದಿ ಪ್ಯಾರಿಸ್ಸಿನಲ್ಲಿದ್ದ ಮೊಂತನೆಲ್ಲಿ ಅನ್ನುವವನ ಹತ್ತಿರ ಸಾಲುಗಳನ್ನು ತಿದ್ದಿಸಿ, ಆಮೇಲೆ ಪಿಯಾವೆಗೆ ತಿಳಿಸಿದ. ನಿನ್ನ ಹೆಸರು ಹಾಕಿಕೊಳ್ಳುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟಿದ್ದು ಅನ್ನೋ ಧಾಟಿಯಲ್ಲಿ.

ಕಡ್ಲೆಪುರಿ
ನೋಡಿ, ಮೂಲೆಮನೆ ಅವರು ಹೇಳಿದ್ದೇ ಸರಿ ಆಯಿತಲ್ಲ. ಬರೆದವನ ಹೆಸರನ್ನೇ ತೆಗೆದುಹಾಕಿದರೆ ಅವನು ಗುಮಾಸ್ತ ಅಲ್ಲದೆ ಮತ್ತೇನು?

ಪದಗಾರ
ಸ್ವಲ್ಪ ತಡೀರಿ ಕಡ್ಲೆಪುರಿ ಅವರೇ. ನಾನು ನಮ್ಮೂರಿನ ಹವ್ಯಾಸಿ ನಾಟಕ ತಂಡಕ್ಕೆ ಹದಿನೈದು ವರ್ಷದಿಂದ ಹಾಡು ಬರೆಯುತ್ತಿದ್ದೇನೆ. ನನ್ನ ಅನುಭವ ಕೇಳಿ.

ಒಂದು ಸಲ ರಾಜನ ಪಾತ್ರದವನಿಗೆ ಹಾಡು ಬರೆದೆ. ನಾನೇ ಓದಿ ನಾನೇ ಖುಷಿಪಟ್ಟೆ. ಹಾರ್ಮೋನಿಯಂ ಮೇಷ್ಟ್ರು ನೋಡಿ ‘ಸಾರ್, ಮೇಲಿನ ಷಡ್ಜದಲ್ಲಿ ಬೆಳದಿಂಗಳಲಿ ಅಂತ ಇಕಾರ ಇಟ್ಟಿದ್ದೀರಿ. ಇವನ ಗಂಟಲು ಹಿಡಿಯುತ್ತದೆ. ಅಲ್ಲಿ ನನಗೆ ಆಕಾರ ಬೇಕು’ ಅಂದರು. ಇಡೀ ಚರಣ ಕಿತ್ತು ಬರೆದೆ. ಪೇಪರಿನ ಮೇಲೆ ಮೊದಲಿನದಕ್ಕಿಂತ ಪೇಲವ. ರಂಗದ ಮೇಲೆ ಸೀಟಿ ಬಿತ್ತು.

ಪಿಯಾವೆಯ ಕೆಲಸ ಇದು. ಓದುವುದಕ್ಕೆ ಕವಿತೆ ಬರೆಯುವುದಲ್ಲ, ಹಾಡುವವನ ಬಾಯಿಗೆ ಬರೆಯುವುದು. ಇಟಾಲಿಯನ್ ಭಾಷೆ ಇದಕ್ಕೆ ಹೇಳಿಮಾಡಿಸಿದ ಹಾಗಿದೆ. ಪದಗಳೆಲ್ಲ ಹೆಚ್ಚುಕಮ್ಮಿ ಸ್ವರದಲ್ಲೇ ಮುಗಿಯುತ್ತವೆ, ನಮ್ಮ ಕನ್ನಡದ ಹಾಗೆ. ನಾವು ಮಾತ್ರೆ ಲೆಕ್ಕ ಹಾಕುತ್ತೇವೆ. ಅವರು ಅಕ್ಷರ ಎಣಿಸುತ್ತಾರೆ, ಜೊತೆಗೆ ಒತ್ತು ಎಲ್ಲಿ ಬೀಳುತ್ತದೆ ನೋಡುತ್ತಾರೆ. ಕಥೆ ಓಡುವ ಜಾಗಕ್ಕೆ ಏಳು ಮತ್ತು ಹನ್ನೊಂದು ಅಕ್ಷರದ ಸಾಲು ಬೆರೆಸಿ ಸಡಿಲವಾಗಿ ಬರೆಯುತ್ತಾರೆ. ಹಾಡು ಶುರುವಾದ ತಕ್ಷಣ ಬಿಗಿಯಾದ ಅಳತೆ: ಐದು, ಆರು, ಏಳು, ಎಂಟು, ಹತ್ತು. ಅಳತೆ ಬದಲಾಯಿತು ಅಂದರೆ ಸಂಗೀತಗಾರನಿಗೆ ಸೂಚನೆ ಸಿಕ್ಕಿತು ಅಂತ ಅರ್ಥ. ವೆರ್ದಿಯ ‘ನಬುಕ್ಕೊ’ ಒಪೆರಾದ ‘ವಾ ಪೆನ್ಸಿಯೆರೊ’ ಹಾಡು ಕೇಳಿದ್ದೀರಲ್ಲ? ಹತ್ತು ಅಕ್ಷರದ ಸಾಲು. ಆ ತೂಗಾಟದ ಅರ್ಧ ಪಾಲು ಪದದಲ್ಲೇ ಕೂತಿದೆ. (ಅದನ್ನು ಬರೆದವನು ಪಿಯಾವೆ ಅಲ್ಲ, ಸೊಲೇರಾ.)

ತಾಳಮದ್ದಳೆ
ನಮ್ಮ ಯಕ್ಷಗಾನದ ಪ್ರಸಂಗಕರ್ತರೂ ಪದದ ತಲೆಯ ಮೇಲೆ ರಾಗ, ತಾಳ ಬರೆದೇ ಪದ ಕಟ್ಟುತ್ತಾರೆ. ಆದರೆ ನಮ್ಮಲ್ಲಿ ಮಾತು ಅರ್ಥಧಾರಿಯದು, ಅಲ್ಲೇ ಹುಟ್ಟುವಂಥದ್ದು. ಇವರದರಲ್ಲಿ ಕೆಮ್ಮುವುದನ್ನೂ ಬರೆದೇ ಕೊಡಬೇಕೇನೋ.

ರಾತ್ರಿಪಾಳಿ
‘ಲಾ ಟ್ರಾವಿಯಾಟಾ’ದಲ್ಲಿ ಕ್ಷಯ ಇರುವ ನಾಯಕಿ ಇದ್ದಾಳೆ. ಅವಳ ಕೆಮ್ಮಿಗೆ ಏನು ಬರೆದರೋ 😄

ಕಡ್ಲೆಪುರಿ
ಪದಗಾರ ಸಾರ್, ಎಲ್ಲ ಸರಿ. ಆದರೆ ‘ರಿಗೊಲೆಟ್ಟೊ’ದ ಅತಿ ಫೇಮಸ್ ಹಾಡೇ ಪಿಯಾವೆಯದಲ್ಲ! ‘ಲಾ ದೊನ್ನ ಎ ಮೊಬಿಲೆ, ಕ್ವಾಲ್ ಪಿಯುಮ ಆಲ್ ವೆಂತೊ’. ಹೆಣ್ಣಿನ ಮನಸ್ಸು ಚಂಚಲ, ಗಾಳಿಗೆ ಸಿಕ್ಕ ಗರಿಯ ಹಾಗೆ. ಈ ಗರಿ, ಗಾಳಿ ಎರಡೂ ಈ ಒಪೆರಾಗೆ ಮೂಲವಾದ ವಿಕ್ಟರ್ ಹ್ಯೂಗೊನ ಫ್ರೆಂಚ್ ನಾಟಕದಲ್ಲೇ ಇವೆ. ಅಲ್ಲೂ ರಾಜ ಇದನ್ನೇ ಹಾಡುತ್ತಾನೆ. ಎತ್ತಿ ಇಟ್ಟಿದ್ದಾನೆ, ಅಷ್ಟೇ.

ಪದಗಾರ
ಎತ್ತಿ ಇಟ್ಟಿದ್ದು ಹೌದು. ಹೇಗೆ ಇಟ್ಟ ನೋಡಿ. ಫ್ರೆಂಚಿನ ಸಾಲು ಆರು ಅಕ್ಷರದ್ದು. ಪಿಯಾವೆ ಅದನ್ನು ಐದರ ಅಳತೆಗೆ ಇಳಿಸಿದ. ‘ಮೊಬಿಲೆ’ಯಲ್ಲಿ ಒತ್ತು ‘ಮೊ’ ಮೇಲೆ ಬೀಳುತ್ತದೆ. ಆಮೇಲೆ ‘ಬಿ’ ‘ಲೆ’ ಎರಡು ಹಗುರ ಅಕ್ಷರ ಸುಮ್ನೆ ಜಾರಿಹೋಗುತ್ತವೆ. ಮುಂದಿನ ಸಾಲು ‘ವೆಂತೊ’ದಲ್ಲಿ ಒಂದೇ ಹಗುರ ಅಕ್ಷರ, ನೆಲಕ್ಕೆ ತಾಗಿ ನಿಲ್ಲುತ್ತದೆ. ಒಂದು ಸಾಲು ಹಾರುತ್ತದೆ, ಇನ್ನೊಂದು ಇಳಿಯುತ್ತದೆ. ಗರಿ ಅನ್ನುವ ಪದ ಬರುವ ಮೊದಲೇ ಗರಿ ಹಾರಿ ಆಯಿತು. ಇದು ಅನುವಾದ ಅಲ್ಲ ರೀ, ಇದು ಕಸುಬು.

ಕಡ್ಲೆಪುರಿ
ಹ್ಮ್. ಇದನ್ನು ಬೇಕಂತಲೇ ಮಾಡಿದನೋ, ಅಳತೆಗೆ ಪದ ಸಿಕ್ಕಿತು ಅಂತ ಹಾಕಿದನೋ ಯಾರಿಗೆ ಗೊತ್ತು.

ಪದಗಾರ
ಅಳತೆಗೆ ಪದ ಸಿಕ್ಕುವುದೇ ಕೆಲಸ ಸ್ವಾಮಿ!

ಮೈಸೂರುಪಾಕ್
ನೀವೆಲ್ಲ ಪಿಯಾವೆ ಪಿಯಾವೆ ಅಂತೀರಿ. ಒಪೆರಾ ಬರಹಗಾರ ಅಂದರೆ ಲೊರೆಂಜೊ ದಾ ಪಾಂತೆ. ಮೊಜಾರ್ಟ್‌ಗೆ ‘ದೋನ್ ಜೊವಾನ್ನಿ’, ‘ಬಾರ್ಬರ್ ಆಫ್ ಸೆವಿಲ್’ ಬರೆದವನು.

ಮಿಲಾನೋ ಮಳೆ
ಮೈಸೂರುಪಾಕ್ ಅವರೇ, ಒಂದು ತಿದ್ದುಪಡಿ. ‘ಬಾರ್ಬರ್’ ರೊಸ್ಸೀನಿಯದು, 1816, ಪದ ಸ್ತೆರ್ಬೀನಿಯದು. ದಾ ಪಾಂತೆ ಮೊಜಾರ್ಟ್‌ಗೆ ಬರೆದದ್ದು ಮೂರು: ‘ಫಿಗರೊನ ಮದುವೆ’ (1786), ‘ದೋನ್ ಜೊವಾನ್ನಿ’ (1787), ‘ಕೊಸೀ ಫಾನ್ ತುತ್ತೆ’ (1790). ಫಿಗರೊ ಎರಡೂ ಕಡೆ ಇರುವುದರಿಂದ ಗೊಂದಲ ಆಗುವುದು ಸಹಜ. ಎರಡೂ ಬೋಮಾರ್ಷೆ ಎಂಬ ಫ್ರೆಂಚ್ ನಾಟಕಕಾರನಿಂದ ಬಂದವು.

ಮೈಸೂರುಪಾಕ್
ಹೌದು ಹೌದು, ಕಲಸಿಹೋಯಿತು. ಆದರೂ ಮನುಷ್ಯನ ಬದುಕು ನೋಡಿ. ಹುಟ್ಟಿದ್ದು ಯಹೂದಿ, ಆಮೇಲೆ ಕ್ಯಾಥೊಲಿಕ್ ಪಾದ್ರಿ. ಪಾದ್ರಿಗಿರಿ ಇಟ್ಟುಕೊಂಡೇ ಹೆಂಗಸರ ಸಹವಾಸ ಮಾಡಿ ವೆನಿಸ್ಸಿನಿಂದ ಗಡೀಪಾರು. ವಿಯೆನ್ನಾದಲ್ಲಿ ಚಕ್ರವರ್ತಿಯ ರಂಗಮಂದಿರಕ್ಕೆ ಕವಿ. ಕೊನೆಗೆ ಅಮೆರಿಕಕ್ಕೆ ಹೋಗಿ ದಿನಸಿ ಅಂಗಡಿ ಇಟ್ಟ! ಆಮೇಲೆ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಇಟಾಲಿಯನ್ ಮೇಷ್ಟ್ರು. 1838ರಲ್ಲಿ ಅಲ್ಲೇ ಸತ್ತ. ಇವನ ಮೇಲೇ ಒಂದು ಒಪೆರಾ ಮಾಡಬಹುದು.

ಜೀರಿಗೆ ಮೆಣಸು
1787ರಲ್ಲಿ ದಾ ಪಾಂತೆ ಒಂದೇ ಸಲಕ್ಕೆ ಮೂವರು ಸಂಗೀತಗಾರರಿಗೆ ಬರೆಯುತ್ತಿದ್ದನಂತೆ: ಮೊಜಾರ್ಟ್, ಸಾಲಿಯೇರಿ, ಮಾರ್ತಿನ್ ಇ ಸೊಲೇರ್. ಮೇಜಿನ ಒಂದು ಕಡೆ ಟೊಕಾಯ್ ವೈನ್, ನಡುವೆ ಶಾಯಿ, ಇನ್ನೊಂದು ಕಡೆ ನಶ್ಯ. ಅವನದೇ ಆತ್ಮಕಥೆಯಲ್ಲಿದೆ. ಆತ್ಮಕಥೆಯಲ್ಲಿ ಎಷ್ಟು ಬೂಸಿ ಅನ್ನುವುದು ಬೇರೆ ವಿಷಯ.

ಮೂಲೆಮನೆ
ಪಿಯಾವೆಗೆ ವಾಪಸ್ ಬನ್ನಿ ಮಾರಾಯ್ರೇ. ವಿಷಯ ನ್ಯೂಯಾರ್ಕ್ ತಲುಪಿಬಿಟ್ಟಿತು.

ಮಿಲಾನೋ ಮಳೆ
ಬರುತ್ತೇನೆ. ಯಾರೂ ಹೇಳದ ಇನ್ನೊಂದು ಕೆಲಸ ಇದೆ. ಆಫೀಸು ಅಲೆಯುವುದು.

ವೆನಿಸ್ ಆಗ ಆಸ್ಟ್ರಿಯಾದವರ ಕೈಲಿತ್ತು. ಪ್ರತಿ ಸಾಲೂ ಸೆನ್ಸಾರ್ ಮುಂದೆ ಹೋಗಬೇಕು. ಹ್ಯೂಗೊನ ಆ ನಾಟಕವೋ 1832ರಲ್ಲಿ ಪ್ಯಾರಿಸ್ಸಿನಲ್ಲಿ ಒಂದೇ ಪ್ರದರ್ಶನಕ್ಕೆ ನಿಷೇಧವಾಗಿತ್ತು. ರಾಜನೇ ಲಂಪಟ ಅಂತ ತೋರಿಸಿದರೆ ಬಿಡುತ್ತಾರಾ? 1850ರ ವಸಂತದಲ್ಲಿ ವೆರ್ದಿ ಪಿಯಾವೆಗೆ ಬರೆದ ಕಾಗದದ ಸಾರ: ನಾಲ್ಕು ಕಾಲು ಕಟ್ಟಿಕೊಂಡು ಊರೆಲ್ಲ ಓಡು, ಪರ್ಮಿಶನ್ ಕೊಡಿಸುವ ಪ್ರಭಾವಿ ಮನುಷ್ಯನನ್ನು ಹಿಡಿ. ಪಿಯಾವೆ ಓಡಿದ. ಪರವಾಗಿಲ್ಲ, ಒಪ್ಪಿಗೆ ಸಿಗುತ್ತದೆ ಅಂತ ಭರವಸೆಯನ್ನೂ ಕೊಟ್ಟ. ಡಿಸೆಂಬರಿಗೆ ನೋಡಿದರೆ ನಿಷೇಧ.

ಪಿಯಾವೆ ಗಾಬರಿಯಾಗಿ ಎಲ್ಲ ತಿದ್ದಿ ‘ವಾಂದೋಮಿನ ಡ್ಯೂಕ್’ ಅಂತ ಹೊಸದೊಂದು ರೂಪ ಮಾಡಿದ. ಗೂನು ಇಲ್ಲ, ಚೀಲ ಇಲ್ಲ. ವೆರ್ದಿ ಕೆಂಡವಾದ. ಚೀಲ ತೆಗೆದರೆ ಪೊಲೀಸರಿಗೆ ಏನು ಸಿಕ್ಕಿತು, ಗೂನು ತೆಗೆದರೆ ನನಗೆ ಏನು ಉಳಿಯಿತು ಅನ್ನುವುದು ಅವನ ವಾದ. ಕೊನೆಗೆ ಪಿಯಾವೆ ಮತ್ತು ಲಾ ಫೆನೀಚೆ ರಂಗಮಂದಿರದ ಕಾರ್ಯದರ್ಶಿ ಚಳಿಗಾಲದಲ್ಲಿ ವೆರ್ದಿಯ ಊರು ಬುಸ್ಸೇತೊಗೇ ಹೋಗಿ ಕೂತು ರಾಜಿ ಮಾಡಿದರು. ಫ್ರಾನ್ಸಿನ ರಾಜ ಹೋಗಿ ಮಾಂತುವಾದ ಡ್ಯೂಕ್ ಆದ. ‘ಶಾಪ’ ಅಂತ ಇದ್ದ ಹೆಸರು ‘ರಿಗೊಲೆಟ್ಟೊ’ ಆಯಿತು. ಗೂನೂ ಚೀಲವೂ ಉಳಿದವು. ರಾಜಿ ಆಗಿದ್ದು ಡಿಸೆಂಬರ್ 30, ಪ್ರದರ್ಶನ 1851ರ ಮಾರ್ಚ್ 11. ಹತ್ತು ವಾರ!

ಮೂಲೆಮನೆ ಅವರೇ, ನೀವು ಸಾಧಾರಣ ಅಂದ ಆ ಕೊನೆಯ ಸಾಲು ಇದೆಯಲ್ಲ, ‘ಅಯ್ಯೋ, ಆ ಶಾಪ!’. ಒಪೆರಾದ ಮೊದಲ ಹೆಸರೇ ಅದು. ಹೆಸರು ಬದಲಾದರೂ ಅದು ಕೊನೆಯ ಸಾಲಾಗಿ ಉಳಿದುಕೊಂಡಿತು.

ಮೂಲೆಮನೆ
ಇದು ಗೊತ್ತಿರಲಿಲ್ಲ. ಆ ಸಾಲಿಗೆ ಮಾಡಿದ ಅವಮಾನ ವಾಪಸ್ ತಗೊಂಡೆ.

ಕಡ್ಲೆಪುರಿ
ಅಂದರೆ ಗುಮಾಸ್ತ ಮಾತ್ರ ಅಲ್ಲ, ಏಜೆಂಟ್ ಕೂಡ. ನನ್ನ ಮಾತು ಗಟ್ಟಿಯಾಗುತ್ತಲೇ ಇದೆ 😁

ಜೀರಿಗೆ ಮೆಣಸು
ಎಲ್ಲ ಬರಹಗಾರರೂ ಹೀಗೆ ಬಗ್ಗಿದವರಲ್ಲ. ಫೆಲೀಚೆ ರೊಮಾನಿಯನ್ನು ನೋಡಿ. ಬೆಲ್ಲೀನಿಗೆ ‘ನೊರ್ಮಾ’, ‘ಲಾ ಸೊನ್ನಾಂಬುಲಾ’, ದೊನಿಜೆತ್ತಿಗೆ ‘ಲೆಲಿಸೀರ್ ದಮೋರೆ’. ಅವನ ಕಾಲದಲ್ಲಿ ಸಂಗೀತಗಾರರೇ ಅವನ ಮನೆ ಬಾಗಿಲು ಕಾಯಬೇಕು. ದೀಪಾವಳಿ ಹಿಂದಿನ ದಿನದ ದರ್ಜಿ ಇದ್ದ ಹಾಗೆ. ಎಲ್ಲರ ಬಟ್ಟೆಯೂ ಹಿಡಿಯುತ್ತಾನೆ, ಯಾರದ್ದೂ ಟೈಮಿಗೆ ಕೊಡುವುದಿಲ್ಲ. 1833ರಲ್ಲಿ ‘ಬೆಯಾತ್ರೀಚೆ ದಿ ತೆಂದಾ’ ತಡವಾಗಿ ಬೆಲ್ಲೀನಿಗೂ ಅವನಿಗೂ ಜಗಳ. ಅದೂ ಪತ್ರಿಕೆಗಳಲ್ಲಿ, ಊರಿಗೆಲ್ಲ ಗೊತ್ತಾಗುವ ಹಾಗೆ. ಆಮೇಲೆ ಇಬ್ಬರೂ ಒಟ್ಟಿಗೆ ಕೆಲಸ ಮಾಡಲೇ ಇಲ್ಲ.

ಸೊಲೇರಾ ಇನ್ನೂ ಮೇಲು. ‘ನಬುಕ್ಕೊ’ ಬರೆಯುವಾಗ ಒಂದು ಪ್ರೇಮದ ಯುಗಳ ಗೀತೆ ತೆಗೆದು ಪ್ರವಾದಿಯ ಮಾತು ಹಾಕು ಅಂದರೆ ನಾಳೆ ನಾಳೆ ಅಂದನಂತೆ. ವೆರ್ದಿ ಬಾಗಿಲಿಗೆ ಬೀಗ ಹಾಕಿ, ಬೈಬಲ್ ಮುಂದಿಟ್ಟು, ಬರೆಯುವ ತನಕ ಬಿಡುವುದಿಲ್ಲ ಅಂದ. ವೆರ್ದಿಯೇ ಮುದುಕನಾದ ಮೇಲೆ ಹೇಳಿಕೊಂಡ ಕಥೆ ಇದು, ಸ್ವಲ್ಪ ಉಪ್ಪು ಖಾರ ಇರಬಹುದು. ಮುಂದೆ ‘ಅತ್ತೀಲಾ’ ಅರ್ಧಕ್ಕೆ ಬಿಟ್ಟು ಸೊಲೇರಾ ಸ್ಪೇನ್‌ಗೆ ಹೋದ. ಮುಗಿಸಿಕೊಟ್ಟವನು ಯಾರು ಹೇಳಿ?

ರಾತ್ರಿಪಾಳಿ
ಪಿಯಾವೆ. ಆಫೀಸಿನಲ್ಲಿ ಯಾರೋ ರಜೆ ಹಾಕಿದರೆ ಅವರ ಕೆಲಸ ನನ್ನ ಮೇಲೆ ಬೀಳುವ ಹಾಗೆ.

ಸಂಪಿಗೆ ಮರ
ತಡವಾಗಿ ಬಂದೆ. ಪದ ಮೊದಲೋ ಟ್ಯೂನ್ ಮೊದಲೋ ಅನ್ನುವುದನ್ನು ಯಾರೂ ಕೇಳಲಿಲ್ಲವಲ್ಲ? ನಮ್ಮ ಸಿನಿಮಾದಲ್ಲಿ ಈಗ ಟ್ಯೂನ್ ಮೊದಲು ಬರುತ್ತದೆ, ‘ಲಾಲಲ’ ಅಂತ ಡಮ್ಮಿ ಹಾಡಿ ಕಳಿಸುತ್ತಾರೆ. ಅವರಲ್ಲಿ ಹೇಗೆ?

ಪದಗಾರ
ಸಾಮಾನ್ಯವಾಗಿ ಪದ ಮೊದಲು. ಆದರೆ ವೆರ್ದಿಯ ನಂತರದ ಸಂಗೀತಗಾರ ಪುಚ್ಚೀನಿ ಕಾಲಕ್ಕೆ ಟ್ಯೂನೂ ಮೊದಲು ಬರಲು ಶುರುವಾಗಿತ್ತು. ‘ಲಾ ಬೊಯೆಮ್’ನಲ್ಲಿ ಮುಸೆತ್ತಾ ಹಾಡುವ ವಾಲ್ಟ್ಸ್ ಇದೆಯಲ್ಲ, ಅದರ ಟ್ಯೂನ್ ಮೊದಲೇ ಸಿದ್ಧ ಇತ್ತು. ಅಳತೆ ಗೊತ್ತಾಗಲಿ ಅಂತ ಪುಚ್ಚೀನಿ ಬರಹಗಾರರಿಗೆ ಕಳಿಸಿದ ಡಮ್ಮಿ ಸಾಲು: ‘ಕೊಕ್ಕೊರಿಕೊ, ಕೊಕ್ಕೊರಿಕೊ, ಬಿಸ್ತೆಕ್ಕಾ’. ಅಂದರೆ ‘ಕೊಕ್ಕೊಕ್ಕೋ, ಕೊಕ್ಕೊಕ್ಕೋ, ಮಾಂಸದ ತುಂಡು’!

ಸಂಪಿಗೆ ಮರ
ಅಯ್ಯೋ ದೇವರೇ. ಇನ್ನು ಆ ಹಾಡು ಕೇಳಿದಾಗಲೆಲ್ಲ ಕೋಳಿಯೇ ಕೂಗುತ್ತದೆ.

ಜೀರಿಗೆ ಮೆಣಸು
ಪುಚ್ಚೀನಿಯ ಜೊತೆ ಕೆಲಸ ಮಾಡುವುದು ವೆರ್ದಿಗಿಂತ ಕಷ್ಟ. ವೆರ್ದಿಗೆ ಏನು ಬೇಕು ಅಂತ ಗೊತ್ತಿತ್ತು. ಪುಚ್ಚೀನಿಗೆ ಏನು ಬೇಡ ಅಂತ ಮಾತ್ರ ಗೊತ್ತಿತ್ತು. ‘ಮನೋನ್ ಲೆಸ್ಕೊ’ಗೆ ಒಬ್ಬರಾದ ಮೇಲೆ ಒಬ್ಬರು ಕೈಹಾಕಿ, 1893ರಲ್ಲಿ ಪುಸ್ತಕ ಅಚ್ಚಾಗುವ ಹೊತ್ತಿಗೆ ಬರೆದವರು ಯಾರು ಅಂತ ಹಾಕಲೇ ಇಲ್ಲ. ಆಮೇಲೆ ಇಲ್ಲಿಕಾ, ಜಕೋಸಾ ಜೋಡಿ. ಇಲ್ಲಿಕಾ ದೃಶ್ಯ ಕಟ್ಟುವವನು, ಜಕೋಸಾ ಸಾಲು ತಿದ್ದುವವನು. ಇಲ್ಲಿಕಾ ಅಳತೆ ಮೀರಿ ಬರೆದ ಸಾಲುಗಳಿಗೆ ಜಕೋಸಾ ಇಟ್ಟ ಹೆಸರು ‘ಇಲ್ಲಿಕಾಸಿಲ್ಲಬಿ’, ಅಂದರೆ ಇಲ್ಲಿಕಾ ಛಂದಸ್ಸು. ಪುಚ್ಚೀನಿ ಬದಲಾಯಿಸು ಅಂದಾಗಲೆಲ್ಲ ಜಕೋಸಾ ಕೆಲಸ ಬಿಡುತ್ತೇನೆ ಅನ್ನುತ್ತಿದ್ದ. ಪ್ರಕಾಶಕ ರಿಕೋರ್ದಿ ಸಮಾಧಾನ ಮಾಡಿ ಕೂರಿಸುತ್ತಿದ್ದ. ಹಾಗೆ ಕೂತಿದ್ದಕ್ಕೆ ‘ಬೊಯೆಮ್’, ‘ತೋಸ್ಕಾ’, ‘ಮದಾಮ ಬಟರ್‌ಫ್ಲೈ’ ಮೂರೂ ಬಂದವು.

ಮೈಸೂರುಪಾಕ್
ಇಲ್ಲಿಕಾಗೆ ಯಾವುದೋ ದ್ವಂದ್ವಯುದ್ಧದಲ್ಲಿ ಕಿವಿಯ ತುಂಡು ಹೋಗಿತ್ತು, ಅದಕ್ಕೇ ಫೋಟೊದಲ್ಲಿ ಮುಖ ತಿರುಗಿಸಿ ಕೂರುತ್ತಿದ್ದ ಅಂತಾರೆ. ಈ ಸಲ ತಪ್ಪು ಹೇಳಿಲ್ಲ ಅಂದುಕೊಂಡಿದ್ದೇನೆ.

ಮಿಲಾನೋ ಮಳೆ
ಸರಿಯಾಗೇ ಹೇಳಿದ್ದೀರಿ 🙂

ಕಡ್ಲೆಪುರಿ
ಸರಿ, ನನ್ನ ಕೊನೆಯ ಬಾಣ. ಒಳ್ಳೆಯ ಬರಹಗಾರ ಸಿಕ್ಕರೆ ವೆರ್ದಿಯೂ ತಗ್ಗಿ ನಡೆದ. ಬೊಯಿತೊ. ‘ಒತೆಲ್ಲೊ’ (1887), ‘ಫಾಲ್‌ಸ್ಟಾಫ್’ (1893). ಹರೆಯದಲ್ಲಿ ಇದೇ ಬೊಯಿತೊ ಇಟಲಿಯ ಕಲೆಯ ಪೀಠ ಹೊಲಸಾಗಿದೆ ಅಂತ ಪದ್ಯ ಬರೆದು ವೆರ್ದಿಯನ್ನು ಕೆಣಕಿದ್ದ. ಮುಂದೆ 1884ರಲ್ಲಿ ‘ಒತೆಲ್ಲೊಗೆ ನಾನೇ ಸಂಗೀತ ಮಾಡಬೇಕಿತ್ತು’ ಅಂತ ಬೊಯಿತೊ ಅಂದನೆಂದು ಪತ್ರಿಕೆಯಲ್ಲಿ ಬಂತು. ವೆರ್ದಿ ಏನು ಮಾಡಿದ? ಬಯ್ದನಾ? ಇಲ್ಲ. ಬೇಕಾದರೆ ಪುಸ್ತಕ ವಾಪಸ್ ಕೊಡುತ್ತೇನೆ ಅಂದ! ಪಿಯಾವೆಗೆ ಹೀಗೆ ಯಾವತ್ತಾದರೂ ಹೇಳಿದ್ದನಾ?

ಪದಗಾರ
ಬೊಯಿತೊ ಸ್ವತಃ ಸಂಗೀತಗಾರ. ‘ಮೆಫಿಸ್ತೊಫೆಲೆ’ ಅವನದೇ. ಹಾಗಾಗಿ ಸಮಸಮ ಕೂತರು. ಅಲ್ಲದೆ ಬೊಯಿತೊ ಸಿಕ್ಕಾಗ ವೆರ್ದಿಗೆ ಅರವತ್ತು ದಾಟಿತ್ತು, ಕೈಯಲ್ಲಿ ಕಾಸಿತ್ತು, ಅವಸರ ಇರಲಿಲ್ಲ. ಪಿಯಾವೆ ಸಿಕ್ಕಾಗ ಮೂವತ್ತು, ವರ್ಷಕ್ಕೆ ಎರಡು ಒಪೆರಾ ಇಳಿಸಬೇಕು.

ಬೊಯಿತೊ ಸಾಲು ಚೆಂದ, ಒಪ್ಪುತ್ತೇನೆ. ಕೆಲವು ಸಲ ತುಂಬಾ ಚೆಂದ, ನಿಂತು ನೋಡಬೇಕಾಗುತ್ತದೆ. ಪಿಯಾವೆಯಲ್ಲಿ ನಿಲ್ಲುವ ಪ್ರಶ್ನೆಯೇ ಇಲ್ಲ. ‘ಟ್ರಾವಿಯಾಟಾ’ದಲ್ಲಿ ವಿಯೊಲೆತ್ತಾ ಬಿಟ್ಟುಹೋಗುವ ಮುನ್ನ ಹೇಳುವುದೇನು? ‘ಆಮಾಮಿ, ಅಲ್ಫ್ರೇದೊ, ನಾನು ಪ್ರೀತಿಸುವಷ್ಟು ಪ್ರೀತಿಸು.’ ಇದರಲ್ಲಿ ಕವಿತೆ ಎಲ್ಲಿದೆ? ಬೇಡ. ಆಕಾರ ಇದೆ, ಮೂರೇ ಮೂರು ವಿಷಯ ಇದೆ. ಮಿಕ್ಕಿದ್ದು ಆರ್ಕೆಸ್ಟ್ರಾ ನೋಡಿಕೊಳ್ಳುತ್ತದೆ. ಮುಂದೆ ‘ಐದಾ’ ಬರೆಯುವಾಗ ವೆರ್ದಿ ಅದರ ಪದ ಬರೆದ ಗಿಸ್ಲಂಜೋನಿಗೆ 1870ರಲ್ಲಿ ‘ಪರೋಲಾ ಶೇನಿಕಾ’ ಅಂತ ಹೇಳಿಕೊಟ್ಟ, ಸನ್ನಿವೇಶವನ್ನು ಕೆತ್ತಿ ಎದುರಿಗೆ ನಿಲ್ಲಿಸುವ ಮಾತು. ಆ ಪಾಠ ವೆರ್ದಿ, ಪಿಯಾವೆ ಇಬ್ಬರೂ ಸೇರಿ ಕಲಿತದ್ದು ಪಿಯಾವೆಯ ಮೇಜಿನ ಮೇಲೆ ಅಂತ ನನ್ನ ಅಭಿಪ್ರಾಯ.

ತಾಳಮದ್ದಳೆ
ಪಿಯಾವೆ ಬೇರೆಯವರಿಗೆ ಬರೆಯಲಿಲ್ಲವೇ?

ಮಿಲಾನೋ ಮಳೆ
ಬಹಳ ಜನಕ್ಕೆ. ಪಾಚೀನಿ, ಮೆರ್ಕದಾಂತೆ. ರಿಚ್ಚಿ ಅಣ್ಣತಮ್ಮಂದಿರಿಗೆ ಬರೆದ ‘ಕ್ರಿಸ್ಪೀನೊ ಎ ಲಾ ಕೊಮಾರೆ’ (1850) ನಗೆ ಒಪೆರಾ. ಸಾಲದಲ್ಲಿ ಮುಳುಗಿದ ಚಮ್ಮಾರನಿಗೆ ಒಬ್ಬ ಮಾಯಾವಿ ಹೆಂಗಸು ಸಿಕ್ಕಿ ಅವನನ್ನು ಡಾಕ್ಟರ್ ಮಾಡುತ್ತಾಳೆ. ರೋಗಿಯ ಹಾಸಿಗೆ ಹತ್ತಿರ ಅವಳು ಕಾಣಿಸಿದರೆ ರೋಗಿ ಉಳಿಯುವುದಿಲ್ಲ, ಕಾಣಿಸದಿದ್ದರೆ ಬದುಕುತ್ತಾನೆ. ನಗೆಗೂ ಕೈ ಇತ್ತು ಮನುಷ್ಯನಿಗೆ.

ಮೂಲೆಮನೆ
ನಾನೂ ಈ ಮಧ್ಯೆ ಅವನ ಕೊನೆಗಾಲದ ಬಗ್ಗೆ ಓದಿದೆ. 1867ರ ಡಿಸೆಂಬರಿನಲ್ಲಿ ಲಕ್ವ ಹೊಡೆಯಿತು. ಮಾತು ಹೋಯಿತು. ಎಂಟು ವರ್ಷ ಹಾಗೇ ಮಲಗಿ 1876ರಲ್ಲಿ ಮಿಲಾನಿನಲ್ಲಿ ಸತ್ತ. ಜೀವನವಿಡೀ ಮಾತು ಕಮ್ಮಿ ಮಾಡು ಅನ್ನಿಸಿಕೊಂಡವನಿಗೆ ಹೀಗಾಯಿತಲ್ಲ ಅಂತ ಬೇಜಾರಾಯಿತು.

ಹೆಂಡತಿ, ಮಗಳಿಗೆ ವೆರ್ದಿ ಹಣ ಸಹಾಯ ಮಾಡಿದ. 1869ರಲ್ಲಿ ಆರು ಜನ ಸಂಗೀತಗಾರರಿಂದ ಒಂದೊಂದು ಹಾಡು ಬರೆಸಿ, ಪುಸ್ತಕ ಮಾಡಿಸಿ, ಬಂದ ದುಡ್ಡು ಆ ಮನೆಗೆ ಹೋಗುವ ಹಾಗೆ ನೋಡಿಕೊಂಡ. ಅಂತ್ಯಕ್ರಿಯೆಯ ಖರ್ಚೂ ಅವನದೇ. ಗುಮಾಸ್ತನಿಗೆ ಯಾರೂ ಇಷ್ಟು ಮಾಡುವುದಿಲ್ಲ, ಅಲ್ವಾ ಕಡ್ಲೆಪುರಿ ಅವರೇ?

ಕಡ್ಲೆಪುರಿ
ಒಳ್ಳೆಯ ಧಣಿ ಮಾಡುತ್ತಾನೆ. ಆದರೆ ಆಯಿತು, ಅರ್ಧ ಒಪ್ಪಿದೆ. ಅರ್ಧ ಮಾತ್ರ.

ಸಂಪಿಗೆ ಮರ
ಮೊದಲ ಸಲ ನೋಡುವವರು ಯಾವುದು ನೋಡಬೇಕು? ಮೂರು ಗಂಟೆ ಕೂರುವ ತಾಳ್ಮೆ ನನಗಿಲ್ಲ.

ಪದಗಾರ
‘ರಿಗೊಲೆಟ್ಟೊ’ ಮೂರನೇ ಅಂಕದ ನಾಲ್ವರ ಹಾಡು ನೋಡಿ. ಐದು ನಿಮಿಷ. ಒಳಗೆ ಡ್ಯೂಕ್ ಒಬ್ಬಳನ್ನು ಮರುಳು ಮಾಡುತ್ತಿದ್ದಾನೆ, ಅವಳು ನಗುತ್ತಾಳೆ, ಹೊರಗೆ ಮಗಳು ಅಳುತ್ತಾಳೆ, ಅಪ್ಪ ಸೇಡಿಗೆ ಹಲ್ಲು ಕಡಿಯುತ್ತಾನೆ. ನಾಲ್ಕು ಮನಸ್ಸು, ಒಂದೇ ಎಂಟಕ್ಷರದ ಅಳತೆ. ಅದಕ್ಕೇ ಒಟ್ಟಿಗೆ ಹಾಡಿದರೂ ಗಲಾಟೆ ಆಗುವುದಿಲ್ಲ.

ಮೂಲೆಮನೆ
ಪದಗಾರ ಸಾರ್, ಈಗಷ್ಟೇ ಪೆನ್ಸಿಲ್ ಹಿಡಿದು ಎಣಿಸಿದೆ. ನಮ್ಮ ಮನೆಯವರು ಏನು ಲೆಕ್ಕ ಅಂತ ಕೇಳಿದರು, ಹಾಲಿನ ಲೆಕ್ಕ ಅಂದೆ. ‘ಬೆಲ್ಲಾ ಫಿಲ್ಯ ದೆಲ್ಲಮೋರೆ’ ಎಂಟು ಬಂತು. ಆದರೆ ನಾಲ್ಕನೇ ಸಾಲು ‘ಲೆ ಮಿಯೆ ಪೇನೆ ಕೊನ್ಸೊಲಾರ್’ ಏಳೇ ಬರುತ್ತಿದೆ. ಪಿಯಾವೆ ತಪ್ಪಿದ್ದಾನಾ?

ಪದಗಾರ
ತಪ್ಪಿಲ್ಲ. ಅದು ‘ಕೊನ್ಸೊಲಾರೆ’, ಕೊನೆಯ ಸ್ವರ ಕತ್ತರಿಸಿ ‘ಲಾರ್’ ಮೇಲೆ ಒತ್ತು ನಿಲ್ಲಿಸಿದ್ದಾನೆ. ಹಾಗೆ ಮುಗಿದರೆ ಏಳಿದ್ದರೂ ಎಂಟು ಅಂತಲೇ ಲೆಕ್ಕ. ಆ ಎಂಟನೆಯದು ಗಾಯಕ ಉಸಿರು ಎಳೆದುಕೊಳ್ಳುವುದಕ್ಕೆ ಬಿಟ್ಟ ಜಾಗ ಅಂದುಕೊಳ್ಳಿ.

ಮೂಲೆಮನೆ
ಹಾಗಾದರೆ ಮಗಳ ಸಾಲುಗಳನ್ನೂ ಮತ್ತೆ ಎಣಿಸಬೇಕು. ಅಲ್ಲೂ ಎರಡು ಕಡೆ ಏಳು ಬಂದಿತ್ತು, ನನ್ನದೇ ತಪ್ಪು ಅಂತ ಅಳಿಸಿದ್ದೆ.